ಟೆಂಡರಿನಲ್ಲಿ ಇಲ್ಲದ ಊರು

ಪಕ್ಕದ ಖಾಲಿ ನಿವೇಶನದಲ್ಲಿ ತಗಡಿನ ಶೆಡ್ಡುಗಳು ಎದ್ದ ಸಂಜೆ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಏನು ನಡೆಯುತ್ತದೆ ಎಂಬುದು ಮಹಾನಗರಗಳಲ್ಲಿ ಇರುವ ನಮಗೆಲ್ಲ ಗೊತ್ತು. ಕಾಂಪೌಂಡ್ ಎತ್ತರಿಸಬೇಕು, ಇನ್ನೆರಡು ಕ್ಯಾಮೆರಾ ಹಾಕಿಸಬೇಕು, ಸಂಜೆ ಮಕ್ಕಳನ್ನು ಆ ಕಡೆಯ ಗೇಟಿಗೆ ಬಿಡಬಾರದು. ಪುಣೆಯ ನಮ್ಮ ಸೊಸೈಟಿಯಲ್ಲಿ ಈ ಚರ್ಚೆ ಎರಡು ದಿನ ನಡೆಯಿತು. 'ಹೊರಗಿನವರೆಲ್ಲ ಬಂದು ಏರಿಯಾ ಹಾಳಾಯ್ತು' ಎಂದು ಬರೆದವರು ಕಾನ್ಪುರದವರು, ಅದಕ್ಕೆ ಹೆಬ್ಬೆರಳು ಎತ್ತಿದವರಲ್ಲಿ ಒಬ್ಬರು ನಮ್ಮ ಹುಬ್ಬಳ್ಳಿಯವರೇ! ಶೆಡ್ಡುಗಳಲ್ಲಿ ಇನ್ನೂರು ಜನ ಇರಲಿದ್ದಾರಂತೆ. ಅಷ್ಟು ಜನರಿಗೆ ಎಷ್ಟು ಶೌಚಾಲಯ, ಯಾವ ನೀರು ಎಂದು ಬಿಲ್ಡರನ್ನು ಕೇಳಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ.

ಅಭಿವೃದ್ಧಿ ಯೋಜನೆ ಎಲ್ಲಿ ಬಂದರೂ ಅದರ ಹಿಂದೆ ಕೆಲಸಗಾರರು ಬರುತ್ತಾರೆ. ರಸ್ತೆ, ಅಣೆಕಟ್ಟು, ಮೆಟ್ರೋ, ಬಂದರು ಯಾವುದೇ ಇರಲಿ, ಅಷ್ಟು ಕೈಗಳು ಆ ಊರಿನಲ್ಲಿ ಇರುವುದಿಲ್ಲ. ಹೀಗೆ ಏಕಾಏಕಿ ಬಂದು ಸೇರುವ ಜನರಿಂದ ಸುತ್ತಲಿನ ಊರುಗಳ ಮೇಲೆ ಆಗುವ ಪರಿಣಾಮಕ್ಕೆ ಯಾರು ಹೊಣೆ? ಈ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ಸಾಲದಾತರು ಕೂಡ ಬಹಳ ವರ್ಷ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಪೂರ್ವ ಆಫ್ರಿಕದ ಒಂದು ರಸ್ತೆ.

ಉಗಾಂಡದ ಪಶ್ಚಿಮದಲ್ಲಿ ಕಾಮ್ವೆಂಗೆ ಎಂಬ ಊರಿನಿಂದ ಫೋರ್ಟ್ ಪೋರ್ಟಲ್ ಎಂಬ ಪಟ್ಟಣಕ್ಕೆ 66 ಕಿಲೋಮೀಟರ್. ಚಿಂಪಾಂಜಿಗಳಿಗೆ ಹೆಸರಾದ ಕಿಬಾಲೆ ಕಾಡು ಅಲ್ಲೇ ಇದೆ, ಅದರ ಮಗ್ಗುಲಲ್ಲಿ ಬಿಗೋಡಿ ಮುಂತಾದ ಹಳ್ಳಿಗಳು. ಮಳೆ ಬಂದರೆ ಕೆಸರು, ಬಿಸಿಲಾದರೆ ಧೂಳು ಎಂಬಂತಿದ್ದ ಮಣ್ಣುರಸ್ತೆಗೆ ಡಾಂಬರು ಹಾಕಲು ವಿಶ್ವಬ್ಯಾಂಕ್ ಹಣ ಕೊಟ್ಟಿತು. ಕೆಲಸ ವಿದೇಶಿ ಗುತ್ತಿಗೆದಾರ ಕಂಪನಿಯೊಂದರ ಪಾಲಾಯಿತು. ರಸ್ತೆ ಬೇಡ ಎಂದವರು ಆ ಊರಿನಲ್ಲಿ ಯಾರೂ ಇರಲಿಲ್ಲ, ಇದನ್ನು ನೆನಪಿಡಬೇಕು. ಬೆಳೆದದ್ದನ್ನು ಮಾರುಕಟ್ಟೆಗೆ ಸಾಗಿಸುವ, ಬಸುರಿಯನ್ನು ಆಸ್ಪತ್ರೆಗೆ ಒಯ್ಯುವ ರಸ್ತೆಯನ್ನು ಯಾರು ಬೇಡ ಅಂದಾರು?

2014ರ ಕೊನೆಗೆ ಊರವರಿಂದ ಬ್ಯಾಂಕಿಗೆ ದೂರು ಹೋಯಿತು. ಧೂಳು, ಅಪಘಾತ, ಸರಿಯಾಗಿ ಸಿಗದ ಭೂಪರಿಹಾರ, ಮಣ್ಣು ತೆಗೆದು ಹಾಗೇ ಬಿಟ್ಟ ಗುಂಡಿಗಳು ಎಲ್ಲವೂ ಅದರಲ್ಲಿದ್ದವು. ಎಲ್ಲಕ್ಕಿಂತ ಭಾರದ ದೂರು ಬೇರೆ. ರಸ್ತೆ ಕೆಲಸಗಾರರು ಊರಿನ ಅಪ್ರಾಪ್ತ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದಾರೆ, ಶಾಲೆಗೆ ಹೋಗಬೇಕಾದ ಮಕ್ಕಳು ಬಸುರಾಗಿದ್ದಾರೆ, ಕೆಲವರು ಶಾಲೆ ಬಿಟ್ಟಿದ್ದಾರೆ, ರಸ್ತೆ ಕೆಲಸಕ್ಕೆ ಸೇರಿದ ಊರಿನ ಹೆಂಗಸರಿಗೂ ಕಿರುಕುಳ ತಪ್ಪಿಲ್ಲ ಎಂಬುದು. ಬ್ಯಾಂಕಿನ ಮೊದಲ ಪ್ರತಿಕ್ರಿಯೆ ತೀರಾ ನಿಧಾನವಾಗಿತ್ತು. 2015ರ ಡಿಸೆಂಬರ್‌ನಲ್ಲಿ ಬ್ಯಾಂಕ್ ಈ ರಸ್ತೆಯಿದ್ದ ಇಡೀ ಸಾರಿಗೆ ಯೋಜನೆಯ ಹಣವನ್ನೇ ರದ್ದುಮಾಡಿತು. ಅದರ ತಪಾಸಣಾ ಮಂಡಳಿ 2016ರಲ್ಲಿ ಕೊಟ್ಟ ವರದಿ ದೂರುಗಳಲ್ಲಿ ಹುರುಳಿದೆ ಎಂದಿತು. ಬಡ ಹಳ್ಳಿಗಳ ನಡುವೆ ಕೈಯಲ್ಲಿ ಸಂಬಳವಿರುವ ಹೊರಗಿನ ಗಂಡಸರ ದೊಡ್ಡ ಗುಂಪೊಂದು ಬಂದಿಳಿದರೆ ಏನಾಗಬಹುದು ಎಂಬುದನ್ನು ಯೋಜನೆ ರೂಪಿಸಿದವರು ಮೊದಲೇ ಅಂದಾಜು ಮಾಡಿರಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನ್ನನ್ನು ಕಾಡಿದ್ದು ಹಣ ರದ್ದಾದ ಸಂಗತಿ. ಸುದ್ದಿಗಳಲ್ಲಿ ಅದು ದಿಟ್ಟ ಕ್ರಮ ಎನಿಸಿಕೊಂಡಿತು. ಆದರೆ ಬಿಗೋಡಿಯವರ ಕಡೆಯಿಂದ ನೋಡಿ. ಹುಡುಗಿಯರಿಗೆ ಆದ ಅನ್ಯಾಯ ಆಗಿಹೋಗಿತ್ತು. ಅದರ ಮೇಲೆ ರಸ್ತೆಯ ಕೆಲಸವೂ ಅರ್ಧಕ್ಕೆ ನಿಂತಿತು. ನೊಂದ ಮಕ್ಕಳಿಗೆ ನೆರವಿನ ಕಾರ್ಯಕ್ರಮ ಆಮೇಲೆ ಬಂತು ನಿಜ. ಆದರೆ ದೂರು ಕೊಟ್ಟ ಊರಿಗೇ ಶಿಕ್ಷೆಯಾದಂತಾದರೆ ಮುಂದಿನ ಊರಿನವರು ಬಾಯಿ ತೆರೆಯಲು ಹತ್ತು ಸಲ ಯೋಚಿಸುತ್ತಾರೆ. ಹಣ ನಿಲ್ಲಿಸುವುದು ಕೊನೆಯ ಅಸ್ತ್ರವಾಗಬೇಕೇ ಹೊರತು ಏಕೈಕ ಅಸ್ತ್ರ ಆಗಬಾರದು.

ಅದರ ನಂತರ ಬ್ಯಾಂಕ್ ಎಚ್ಚೆತ್ತಿತು ಎನ್ನಬೇಕು. 2016ರ ಡಿಸೆಂಬರ್‌ನಲ್ಲಿ ಕೆಲಸಗಾರರ ವಲಸೆಯ ಪರಿಣಾಮಗಳನ್ನು ನಿಭಾಯಿಸುವ ಕುರಿತೇ ಒಂದು ಮಾರ್ಗದರ್ಶಿ ಹೊರಟಿತು. 2018ರ ಅಕ್ಟೋಬರ್‌ನಿಂದ ಜಾರಿಯಾದ ಹೊಸ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನಲ್ಲಿ ಕಾರ್ಮಿಕರ ಸ್ಥಿತಿಗತಿಗೊಂದು, ಊರವರ ಆರೋಗ್ಯ ಮತ್ತು ಸುರಕ್ಷತೆಗೊಂದು ಮಾನದಂಡ ಬಂದವು. ಬ್ಯಾಂಕಿನ ಕಾಗದಗಳೆಂದರೆ ಸಾಮಾನ್ಯವಾಗಿ ನಿದ್ದೆ ಬರಿಸುವಂಥವು. ಈ ಮಾರ್ಗದರ್ಶಿಯಲ್ಲಿ ಮಾತ್ರ ನೆಲದ ಅನುಭವವಿರುವ ಕೆಲವು ಮಾತುಗಳಿವೆ.

ಒಂದು, ಕೆಲಸಗಾರರ ಸಂಖ್ಯೆಯನ್ನು ಬಿಡಿಯಾಗಿ ನೋಡಬಾರದು. ನಾನೂರು ಜನ ಹಿಂಜವಡಿಗೆ ಬಂದರೆ ಯಾರಿಗೂ ತಿಳಿಯುವುದೇ ಇಲ್ಲ. ಅದೇ ನಾನೂರು ಜನ ಸಾವಿರದಿನ್ನೂರು ಜನಸಂಖ್ಯೆಯ ಹಳ್ಳಿಗೆ ಬಂದರೆ ಅಲ್ಲಿನ ಕೊಳವೆಬಾವಿ, ಪ್ರಾಥಮಿಕ ಆರೋಗ್ಯ ಕೇಂದ್ರ, ತರಕಾರಿ ಬೆಲೆ, ಮನೆ ಬಾಡಿಗೆ, ಪೊಲೀಸ್ ಠಾಣೆ ಎಲ್ಲವೂ ಆರು ತಿಂಗಳಲ್ಲಿ ಬೇರೆಯಾಗುತ್ತವೆ. ಆ ಊರಿನ ಹೊರುವ ಶಕ್ತಿ ಎಷ್ಟು ಎಂಬುದೇ ಲೆಕ್ಕ. ಇನ್ನೊಂದು, ಕೆಲಸಗಾರರ ಹಿಂದೆ ಬರುವವರು. ಚಹಾದಂಗಡಿ, ಮೊಬೈಲ್ ರಿಪೇರಿ, ಸಾರಾಯಿ, ಬಡ್ಡಿ ವ್ಯವಹಾರ, ಕೆಲಸ ಸಿಕ್ಕೀತೆಂದು ಕಾದು ಕೂರುವವರು. ಇವರು ಯಾರ ಹಾಜರಿ ಪುಸ್ತಕದಲ್ಲೂ ಇಲ್ಲ, ಆದರೆ ಕೆಲವು ಕಡೆ ಕೆಲಸಗಾರರಿಗಿಂತ ಇವರೇ ಹೆಚ್ಚಾಗುತ್ತಾರೆ. ಹಾಗಾಗಿ ಮೊದಲ ಉಪಾಯ ಬರುವವರ ಸಂಖ್ಯೆಯನ್ನೇ ಕಡಿಮೆ ಮಾಡುವುದು: ಸ್ಥಳೀಯರಿಗೆ ತರಬೇತಿ ಕೊಟ್ಟು ಆದಷ್ಟು ಕೆಲಸ ಅವರಿಗೇ ಕೊಡುವುದು. ಎರಡನೆಯದು, ಬಂದವರಿಗೆ ಮನುಷ್ಯರು ಇರುವಂಥ ವಸತಿ, ಸಮಯಕ್ಕೆ ಸರಿಯಾಗಿ ಕೂಲಿ, ನಿಯಮಿತವಾಗಿ ಮನೆಗೆ ಹೋಗಿ ಬರಲು ರಜೆ. ಅಪ್ರಾಪ್ತರೊಂದಿಗಿನ ಸಂಬಂಧ, ಕಿರುಕುಳ ಇವಕ್ಕೆ ಕ್ಷಮೆಯಿಲ್ಲ ಎನ್ನುವ ನಡವಳಿಕೆ ಸಂಹಿತೆಯನ್ನು ಅವರ ಭಾಷೆಯಲ್ಲಿ ಓದಿ ಹೇಳಿ ಸಹಿ ಪಡೆಯುವುದು. ಊರಿನವರು ಹೆದರದೆ ದೂರು ಕೊಡಲು ಒಂದು ಜಾಗ.

ಇದೆಲ್ಲ ಟೆಂಡರ್ ಕಾಗದದಲ್ಲಿ ಬೆಲೆಯೊಂದಿಗೆ ಇರಬೇಕು ಎಂಬುದು ನನಗೆ ಮುಖ್ಯವಾಗಿ ಕಂಡ ಮಾತು. ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಪ್ಪಂದದಲ್ಲಿ ಇಪ್ಪತ್ತು ಫೀಚರ್‌ಗಳ ಪಟ್ಟಿ ಇರುತ್ತದೆ. ಭದ್ರತೆ, ಬ್ಯಾಕಪ್, ಲೋಡ್ ಟೆಸ್ಟಿಂಗ್ ಎಲ್ಲ 'ಅದು ಇದ್ದೇ ಇರುತ್ತಲ್ಲ' ಎಂದು ಬಿಟ್ಟಿರುತ್ತಾರೆ. ಅತಿ ಕಡಿಮೆ ಬೆಲೆ ಕೂಗಿದವನು ಮೊದಲು ಕತ್ತರಿಸುವುದೇ ಈ ಬರೆಯದ ಬಾಬತ್ತುಗಳನ್ನು. ರಸ್ತೆಯ ಗುತ್ತಿಗೆಯಲ್ಲಿ ಒಂದು ಘನ ಮೀಟರ್ ಜಲ್ಲಿಗೆ ದರ ಇರುತ್ತದೆ, ಶೌಚಾಲಯಕ್ಕೆ ಇರುವುದಿಲ್ಲ. 'ಕಾರ್ಮಿಕರ ಕ್ಷೇಮಕ್ಕೆ ಗುತ್ತಿಗೆದಾರನೇ ಹೊಣೆ' ಎಂಬ ಒಂದು ಸಾಲು ಇರುತ್ತದೆ, ಅಷ್ಟೇ. ಒಳ್ಳೆಯ ಶೆಡ್ ಕಟ್ಟಿಸಬೇಕೆಂದು ಅದರ ಖರ್ಚನ್ನು ಸೇರಿಸಿ ಬಿಡ್ ಹಾಕಿದ ಗುತ್ತಿಗೆದಾರ ಅದೇ ಕಾರಣಕ್ಕೆ ಸೋಲುತ್ತಾನೆ. ಹೀಗೆ ಉಳಿಸಿದ ಹಣವನ್ನು ಕೊನೆಗೆ ತೆರುವುದು ಪಕ್ಕದ ಊರು.

ತೆರುವುದು ಹೇಗೆ ಎಂದು ನೋಡಲು ಉಗಾಂಡಕ್ಕೇ ಹೋಗಬೇಕಿಲ್ಲ, ಮಂಗಳೂರು ಸಾಕು. 1990ರ ದಶಕದಿಂದ ಮಂಗಳೂರು ಮಲೇರಿಯಾಕ್ಕೆ ಹೆಸರಾಯಿತು. ಅದೇ ಕಾಲಕ್ಕೆ ಅಲ್ಲಿ ಕಟ್ಟಡಗಳ ಭರಾಟೆಯೂ ಶುರುವಾಗಿತ್ತು. ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಆಮೇಲೆ ಬಿಹಾರ, ಬಂಗಾಳ ಮುಂತಾದ ಕಡೆಗಳಿಂದ ಜನ ಬಂದರು. 'ಘಟ್ಟದ ಮೇಲಿನವರು ತಂದ ಜ್ವರ' ಎನ್ನುವುದು ಸುಲಭದ ತೀರ್ಮಾನವಾಯಿತು. ಕೆಲಸಗಾರರ ಜೊತೆ ರೋಗಾಣು ಓಡಾಡುತ್ತದೆ ಎಂಬುದು ಸುಳ್ಳಲ್ಲ. ಆದರೆ ಒಬ್ಬರಿಂದ ಇನ್ನೊಬ್ಬರಿಗೆ ಅದನ್ನು ದಾಟಿಸುವುದು ಸೊಳ್ಳೆ. ನಗರದ ಮಲೇರಿಯಾ ಸೊಳ್ಳೆಯಾದ ಅನಾಫಿಲಿಸ್ ಸ್ಟೀಫೆನ್ಸಿಗೆ ನಿಂತ ತಿಳಿನೀರು ಬೇಕು. ಕಾಂಕ್ರೀಟ್ ಕ್ಯೂರಿಂಗಿಗೆ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕು, ಲಿಫ್ಟ್ ಬರಬೇಕಾದ ಹೊಂಡ ಅದಕ್ಕೆ ಅರಮನೆಯಿದ್ದಂತೆ. ಕಿಟಕಿ ಕೂರಿಸದ ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಸೊಳ್ಳೆಪರದೆಯಿಲ್ಲದೆ ಮಲಗುವವನು ಮೇಸ್ತ್ರಿ. ರೋಗ ಹರಡಿದವನೆಂದು ಊರು ಬೈಯುವ ಮನುಷ್ಯನೇ ಬಹಳ ಸಲ ಆ ಕಟ್ಟಡದ ಮೊದಲ ರೋಗಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವೈವಾಕ್ಸ್ ಜಾತಿಯ ಮಲೇರಿಯಾದಲ್ಲಿ ಜ್ವರ ಇಳಿದರೂ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂತಿರುತ್ತದೆ, ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಅದನ್ನು ಕೀಳಲು ವೈದ್ಯರ ಸಲಹೆಯಂತೆ 14 ದಿನ ಪ್ರಿಮಾಕ್ವಿನ್ ನುಂಗಬೇಕು. ಜ್ವರ ಬಿಡುವುದು ಮೂರ್ನಾಲ್ಕು ದಿನದಲ್ಲಿ. ಐದನೇ ದಿನಕ್ಕೆ ಮುಕಾದಮ ಅವನನ್ನು ಬೇರೆ ಸೈಟಿಗೆ ಕಳಿಸುತ್ತಾನೆ, ಗುಳಿಗೆ ಅಲ್ಲಿಗೆ ನಿಂತಿತು. ಹಾಗಾಗಿ ಕೆಲಸಗಾರನ ವಿಳಾಸ ಬದಲಾದರೂ ಅವನ ಚಿಕಿತ್ಸೆಯ ದಾಖಲೆ ಜೊತೆಗೇ ಹೋಗಬೇಕಾಗುತ್ತದೆ.

ಮಂಗಳೂರಿನಲ್ಲಿ 2015ರ ಸುಮಾರಿಗೆ ಮಹಾನಗರ ಪಾಲಿಕೆಯವರು ಮತ್ತು ಅಲ್ಲಿನ ವೈದ್ಯರು ಸೇರಿ ಮಲೇರಿಯಾ ನಿಯಂತ್ರಣಕ್ಕೇ ಒಂದು ಸಾಫ್ಟ್‌ವೇರ್ ಬಳಕೆಗೆ ತಂದರು. ಪ್ರಕರಣ ಪತ್ತೆಯಾದ ಕೂಡಲೇ ಅದು ವ್ಯವಸ್ಥೆಯಲ್ಲಿ ದಾಖಲಾಗುತ್ತದೆ, ಕ್ಷೇತ್ರ ಸಿಬ್ಬಂದಿ ಟ್ಯಾಬ್ ಹಿಡಿದು ರೋಗಿ ಇರುವಲ್ಲಿಗೇ ಹೋಗುತ್ತಾರೆ, ಸ್ಥಳ ನಕ್ಷೆಯ ಮೇಲೆ ಬೀಳುತ್ತದೆ, ಸುತ್ತಮುತ್ತ ರಕ್ತಪರೀಕ್ಷೆ ಮತ್ತು ಲಾರ್ವಾ ಹುಡುಕಾಟ ನಡೆಯುತ್ತದೆ. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ನಮ್ಮ ವೃತ್ತಿಯವರು ಇದನ್ನು ಆ್ಯಪ್‌ನ ಗೆಲುವೆಂದು ಎದೆಯುಬ್ಬಿಸಬಹುದು. ನನಗನ್ನಿಸುವುದು, ಗೆದ್ದದ್ದು ಕಟ್ಟಡದ ಮೆಟ್ಟಿಲು ಹತ್ತಿ ಮೇಲೆ ಹೋದ ಸಿಬ್ಬಂದಿ. ಅದುವರೆಗೆ ಲೆಕ್ಕಕ್ಕೇ ಸಿಗದಿದ್ದ ಕೂಲಿಯವನಿಗೆ ನಕ್ಷೆಯ ಮೇಲೆ ಒಂದು ಚುಕ್ಕೆ ಸಿಕ್ಕಿತು. ನೀರು ನಿಲ್ಲಿಸಿಕೊಂಡ ಕಟ್ಟಡಗಳಿಗೆ ದಂಡ ಬೀಳತೊಡಗಿದ್ದೂ ಸಣ್ಣ ಮಾತಲ್ಲ.

ಮುಂಬೈಯ ಓದುಗರಿಗೆ ಒಂದು ಮಾತು: ನಿಮ್ಮ ನಗರದ ಮಲೇರಿಯಾದ ಕಾರಣ ಹುಡುಕಿ ಬೆಂಟ್ಲಿ ಎಂಬ ವೈದ್ಯ 1911ರಲ್ಲೇ ವರದಿ ಬರೆದಿದ್ದ. ಈಗಿನ ಇಂದಿರಾ ಡಾಕ್, ಆಗಿನ ಅಲೆಕ್ಸಾಂಡ್ರಾ ಡಾಕ್ ಕಟ್ಟುತ್ತಿದ್ದ ಕಾಲ ಅದು. ಅವನು ಬೊಟ್ಟು ಮಾಡಿದ್ದೂ ಬಾವಿ, ತೊಟ್ಟಿಗಳ ನೀರಿನಲ್ಲಿ ಹುಟ್ಟುವ ಇದೇ ಸ್ಟೀಫೆನ್ಸಿ ಸೊಳ್ಳೆಗೆ. ನೂರು ವರ್ಷ ಕಳೆದರೂ ನಾವು ಮೊದಲು ನೋಡುವುದು ಕೂಲಿಯವನ ಮುಖವನ್ನೇ.

ಹಾಗಾದರೆ ನಮ್ಮಲ್ಲಿ ಕಾನೂನು ಇರಲಿಲ್ಲವೇ? ಇತ್ತು, ಚೆನ್ನಾಗಿಯೇ ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೊರರಾಜ್ಯದಿಂದ ಕರೆತಂದ ಕೆಲಸಗಾರನಿಗೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ, ಹೋಗಿ ಬರುವ ಖರ್ಚು, ಯೋಗ್ಯ ವಸತಿ, ಉಚಿತ ವೈದ್ಯಕೀಯ ಸೌಲಭ್ಯ ಕೊಡಬೇಕೆಂದಿತ್ತು. ಮೂರೇ ವರ್ಷದಲ್ಲಿ ಅದಕ್ಕೆ ಪರೀಕ್ಷೆ ಬಂತು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆಗಳನ್ನು ಕಟ್ಟುತ್ತಿದ್ದವರಿಗೆ ಕನಿಷ್ಠ ಕೂಲಿಯೂ ಪೂರ್ತಿ ಸಿಗುತ್ತಿರಲಿಲ್ಲ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದಿತು ನ್ಯಾಯಮೂರ್ತಿ ಭಗವತಿಯವರ ತೀರ್ಪು. ಕೆಲಸ ಗುತ್ತಿಗೆದಾರನದು, ನಮಗೆ ಸಂಬಂಧವಿಲ್ಲ ಎಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ ಎಂದೂ ಹೇಳಿತು. ದೆಹಲಿಯ ಕನ್ನಡಿಗರು ಇಂದಿಗೂ ಹಾದುಹೋಗುವ ಮೇಲ್ಸೇತುವೆಗಳ ಕೆಳಗೆ ಈ ಕತೆ ಇದೆ.

ಆಮೇಲೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಉಚಿತ ತಾತ್ಕಾಲಿಕ ವಸತಿ, ಅದರಲ್ಲಿ ಪ್ರತ್ಯೇಕ ಅಡುಗೆ ಜಾಗ, ಸ್ನಾನ, ಶೌಚದ ವ್ಯವಸ್ಥೆ ಇರಬೇಕೆಂದಿತು. ಕೆಲಸ ಮುಗಿದ ಮೇಲೆ ಶೆಡ್ಡುಗಳನ್ನು ತೆಗೆದು ನೆಲವನ್ನು ಸಮತಟ್ಟು ಮಾಡಿ ಸ್ವಚ್ಛವಾಗಿ ಬಿಟ್ಟುಕೊಡಬೇಕು ಎಂಬುದನ್ನೂ ಬರೆದಿತ್ತು. ಊರಿನ ಹಿತವನ್ನೂ ಕೆಲಸಗಾರನ ಹಿತವನ್ನೂ ಒಂದೇ ಕಲಮಿನಲ್ಲಿ ಕಟ್ಟಿದ ಯಾರೋ ಪುಣ್ಯಾತ್ಮರು! ಕಟ್ಟಡದ ವೆಚ್ಚದ ಮೇಲೆ ಸೆಸ್ ಕೂಡ ಸಂಗ್ರಹವಾಗುತ್ತದೆ, ನಮ್ಮ ಫ್ಲ್ಯಾಟಿನ ಬೆಲೆಯಲ್ಲೂ ಅದು ಸೇರಿದೆ. ಆ ಹಣದ ದೊಡ್ಡ ಪಾಲು ಖರ್ಚಾಗದೆ ಕೊಳೆಯುತ್ತಿದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿ ಹೇಳಬೇಕಾಯಿತು. ಈ ಎರಡೂ ಕಾಯ್ದೆಗಳನ್ನು 2020ರ ಸಂಹಿತೆಯೊಳಗೆ ಸೇರಿಸಲಾಗಿದೆ. ಪ್ರಯಾಣ ಭತ್ಯೆ ಉಳಿಯಿತು, ಸ್ಥಳಾಂತರ ಭತ್ಯೆ ಬಿದ್ದುಹೋಯಿತು.

ಅದೇ 2020ರ ಮೇ ತಿಂಗಳು ನೆನಪಿರಬಹುದು. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ಕಾರ್ಮಿಕರ ವಿಶೇಷ ರೈಲುಗಳನ್ನು ಬಿಲ್ಡರುಗಳೊಂದಿಗಿನ ಸಭೆಯ ಬೆನ್ನಲ್ಲೇ ಕರ್ನಾಟಕ ಸರ್ಕಾರ ರದ್ದುಮಾಡಿತು. ದೇಶವೆಲ್ಲ ಬೈದ ಮೇಲೆ ಎರಡು ದಿನದಲ್ಲಿ ನಿರ್ಧಾರ ಬದಲಾಯಿತು. ಬಂದಾಗ ಬೇಡವೆನಿಸಿದ್ದವರನ್ನು ಹೊರಟಾಗ ತಡೆದು ನಿಲ್ಲಿಸುವ ಈ ಬುದ್ಧಿ ಯಾವುದೋ ಒಂದು ಪಕ್ಷದ್ದಲ್ಲ.

ಮಹಾನಗರದ ಕನ್ನಡಿಗರಾದ ನಾವು ಈ ವಿಷಯದಲ್ಲಿ ಎರಡೂ ದಡದಲ್ಲಿ ನಿಂತವರು. 1960ರ ದಶಕದ ಮುಂಬೈಯಲ್ಲಿ 'ಹೊರಗಿನವರು' ಎಂಬ ಪದ ನಮ್ಮ ಉಡುಪಿ ಹೋಟೆಲುಗಳ ಬಾಗಿಲಿಗೂ ಬಂದಿತ್ತು. ಇಂದು ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ಮರಳು ಹೊರುವವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದಿಂದ ಗುಳೆ ಬಂದವರೂ ಇದ್ದಾರೆ. ನಮ್ಮ ಸಂಘಗಳ ರಾಜ್ಯೋತ್ಸವಕ್ಕೆ ಅವರನ್ನು ಕರೆಯುವುದಿಲ್ಲ, ಅವರು ಇದ್ದಾರೆಂಬುದೇ ನಮಗೆ ಗೊತ್ತಿರುವುದಿಲ್ಲ. ಅವರ ಮಕ್ಕಳಿಗೆ ಸೈಟಿನ ಹತ್ತಿರದ ಮರಾಠಿ ಅಥವಾ ತೆಲುಗು ಶಾಲೆ ಅರ್ಥವಾಗುವುದಿಲ್ಲ, ಊರಿನ ಕನ್ನಡ ಶಾಲೆಯಲ್ಲಿ ಹಾಜರಿ ಇಲ್ಲ. ದೆಹಲಿಯ ಒಂದು ಕಟ್ಟಡ ಕೆಲಸದ ಜಾಗದಲ್ಲಿ 1969ರಲ್ಲಿ ಮೀರಾ ಮಹಾದೇವನ್ ಒಂದು ಡೇರೆಯಿಂದ ಆರಂಭಿಸಿದ ಮೊಬೈಲ್ ಕ್ರೆಶಸ್, ಮುಂಬೈ-ಪುಣೆಯ ಡೋರ್ ಸ್ಟೆಪ್ ಸ್ಕೂಲ್ ಇಂಥ ಸಂಸ್ಥೆಗಳು ಮಕ್ಕಳಿರುವಲ್ಲಿಗೇ ಹೋಗುತ್ತಿವೆ. ಕನ್ನಡ ಓದಿಸಬಲ್ಲ ನಿವೃತ್ತರು ನಮ್ಮ ಸಂಘಗಳಲ್ಲಿ ಎಷ್ಟಿಲ್ಲ?

ಪಕ್ಕದಲ್ಲಿ ಶೆಡ್ ಬಂದಾಗ ನಿವಾಸಿಗಳು ಕೇಳಬಹುದಾದದ್ದು ಬಹಳಷ್ಟಿದೆ. ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದ್ದಾರೆಯೇ, ಶೌಚದ ನೀರು ಎಲ್ಲಿಗೆ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಬಾಗಿಲಿರುವ ಸ್ನಾನದ ಜಾಗ ಇದೆಯೇ, ಜ್ವರ ಬಂದರೆ ಯಾವ ಆಸ್ಪತ್ರೆ, ದೂರಿಗೆ ಯಾವ ಸಂಖ್ಯೆ. ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಹೋದ ಪತ್ರಕ್ಕೆ ಬಿಲ್ಡರ್ ಉತ್ತರ ಕೊಡುತ್ತಾನೆ, ಕೂಲಿಯವನು ಕೇಳಿದರೆ ಕೊಡುವುದಿಲ್ಲ. ಕ್ಯಾಮೆರಾ ಹಾಕಿಸುವುದಕ್ಕಿಂತ ಇದು ಅಗ್ಗ ಕೂಡ. ಕೂಲಿ ಹೇಗೆ ಸಿಗುತ್ತದೆ ಎಂಬುದನ್ನಂತೂ ಕೇಳಲೇಬೇಕು. ಬಹಳ ಕಡೆ ವಾರಕ್ಕೊಮ್ಮೆ 'ಖರ್ಚಿ' ಎಂದು ಊಟದ ಮಟ್ಟಿಗೆ ಹಣ ಕೊಟ್ಟು ಉಳಿದದ್ದನ್ನು ಮುಕಾದಮನೇ ಹಿಡಿದಿಟ್ಟುಕೊಳ್ಳುತ್ತಾನೆ. ಲೆಕ್ಕ ಚುಕ್ತಾ ಆಗುವವರೆಗೆ ಕೆಲಸಗಾರ ಅಲ್ಲಾಡುವಂತಿಲ್ಲ. ಹೆಂಡತಿ ಮಕ್ಕಳಿಂದ ಎಂಟು ತಿಂಗಳು ದೂರ, ಕೈಯಲ್ಲಿ ಶನಿವಾರದ ಐನೂರು ರೂಪಾಯಿ, ಎದುರಿಗೆ ಸಾರಾಯಿ ಅಂಗಡಿ.

ಮೆಟ್ರೋ ಕಂಬಗಳ ಕೆಲಸ ನಡೆಯುತ್ತಿದ್ದ ಕಡೆ ಚಹಾ ಕುಡಿಯುತ್ತಾ ನಿಂತಿದ್ದ ಯಾದಗಿರಿ ಕಡೆಯ ಬಾರ್ ಬೆಂಡರ್ ಒಬ್ಬರ ಬಾಯಲ್ಲಿ ಕನ್ನಡ ಕೇಳಿ ಮಾತಾಡಿಸಿದ್ದೆ. ಅವರ ಎರಡನೇ ಮಗು ಹುಟ್ಟಿ ಐದು ತಿಂಗಳಾಗಿತ್ತು. ವಿಡಿಯೊ ಕಾಲಿನಲ್ಲಿ ನೋಡಿದ್ದಷ್ಟೇ ಅಂತೆ. ಊರಿಗೆ ಯಾವಾಗ ಎಂದು ಕೇಳಿದೆ. "ನಾಗರ ಪಂಚಮಿಗೆ ಬಿಡ್ತೀನಂತ ಹೇಳ್ಯಾರ್ರೀ, ಅಂವಾಗೇ ಲೆಕ್ಕಾನೂ ಮಾಡ್ತಾರಂತ" ಎಂದರು. ಸ್ವಲ್ಪ ತಡೆದು, "ಆದ್ರ ಈ ಕಂಬದ ಕಾಂಕ್ರೀಟ್ ಆದಮ್ಯಾಲ" ಎಂದು ಸೇರಿಸಿದರು.